ಉಮ್ಮೆ ಕುಲ್ಸುಂಳ ಡಬ್ಬಿ

ಮಾಘದ ಚಳಿ ಇಳಿಯುತ್ತಿತ್ತು. ಕೊರೋನಾ ಕಳೆದು ಮದುವೆಗೆಂದು ಮತ್ತೆ ತೆರೆದ ಮರ್ಫಿ ಟೌನಿನ ಸಮುದಾಯ ಭವನವನ್ನು ಅಯ್ಯಮ್ಮ ಬೆಳಗಿನಿಂದ ತೊಳೆಯುತ್ತಿದ್ದಳು. ಭವನ ಕೊರೋನಾ ಆರೈಕೆ ಕೇಂದ್ರವಾಗಿದ್ದಾಗ, ಕಾಯಿಲೆ ಬಿದ್ದ ಗಂಡ ಚಂದ್ರಾಮಪ್ಪನನ್ನು ಇಲ್ಲೇ ಇಟ್ಟಿದ್ದರು. ನೆರೆಮನೆಯ ಉಮ್ಮೆ ಕುಲ್ಸುಂಳ ಡಬ್ಬಿಯಲ್ಲಿ ತಾನು ಕಳಿಸಿದ ರೊಟ್ಟಿಯನ್ನು ಅವನು ತಿಂದನೋ ಇಲ್ಲವೋ, ಕೊನೆಗೂ ತಿಳಿಯಲಿಲ್ಲ. ಅವನೂ ಬರಲಿಲ್ಲ, ಡಬ್ಬಿಯೂ ಬರಲಿಲ್ಲ. ಯಾರ ಪಾತ್ರೆಯನ್ನೂ ಖಾಲಿ ಮರಳಿಸದೆ, ಹಿಡಿ ಸಕ್ಕರೆ ಹಾಕಿಯೇ ಕೊಡುತ್ತಿದ್ದವನು ಅವನು.

ಎರಡು ವರ್ಷ ಬೀಗ ಬಿದ್ದಿದ್ದ ಭವನದ ಅಡುಗೆಮನೆಯಲ್ಲಿ ಎಲ್ಲದರ ಮೇಲೂ ಧೂಳು. ಕಟ್ಟೆಯ ಮೇಲಿದ್ದ ಅದೇ ಡಬ್ಬಿ ಮಾತ್ರ ಈಗಷ್ಟೇ ತೊಳೆದಂತಿತ್ತು. ಮುಟ್ಟಿದರೆ ಬೆಚ್ಚಗೆ. ತೆರೆಯಲು ಧೈರ್ಯವಾಗದೆ ಹಾಗೆಯೇ ಒಯ್ದು ಉಮ್ಮೆ ಕುಲ್ಸುಂಳಿಗೆ ಕೊಟ್ಟಳು.

"ಖಾಲಿ ಕೊಡ್ಲಿಕತ್ತೀನಿ, ತಪ್ಪು ತಿಳೀಬ್ಯಾಡವ್ವಾ."

ಉಮ್ಮೆ ಕುಲ್ಸುಂ ಮುಚ್ಚಳ ತೆಗೆದಳು. "ಅರೆ, ಎಲ್ಲಿ ಖಾಲಿ? ಚಂದ್ರಾಮಣ್ಣನ ಥರಾನೇ ಸಕ್ಕರೆ ಹಾಕ್ಕೊಂಡ್ ಬಂದಿದ್ದೀಯಲ್ಲಾ!"

"ಹಂಗಾದ್ರ ಉಂಡಾನ," ಎಂದಳು ಅಯ್ಯಮ್ಮ.

ಸಕ್ಕರೆಗೆ ಒಂದು ಇರುವೆಯೂ ಮುತ್ತಿರಲಿಲ್ಲ.