ಅಪ್ಪ ತೂಗುಹಾಕಿದ ಕನ್ನಡಿ

ಶಾಲೆ ಬಿಟ್ಟ ಮೇಲೆ ಅಪ್ಪನ ಬಳಿಯೇ ಚಿತ್ರ ಬರೆಯಲು ಕಲಿತವಳು ನಾನು. ಅವರು ತೀರಿಕೊಂಡಂದಿನಿಂದ ನನಗೆ ಕೈಯೇ ಓಡಲಿಲ್ಲ. ಕಲಸಿದ ಬಣ್ಣ ತಟ್ಟೆಯಲ್ಲೇ ಒಣಗುತ್ತಿತ್ತು, ಕ್ಯಾನ್ವಾಸಿನ ಬಟ್ಟೆ ಬಿಳಿಯಾಗಿಯೇ ಉಳಿಯುತ್ತಿತ್ತು.

"ಬಟ್ಟೆ ಕಾಯ್ತಾ ಕೂತಿದ್ದೀಯೇನೇ? ಒಣಗಿಸೋದಾದ್ರೆ ಹಗ್ಗಕ್ಕೆ ಹಾಕು," ಎಂದಳು ಅಕ್ಕ. ನಾನು ನಗದಿದ್ದುದನ್ನು ಕಂಡು ಅವಳ ದನಿ ಇಳಿಯಿತು. "ಸಾಕು ಕಣೇ. ನಾಳೆಯಿಂದ ನನ್ ಜೊತೆ ಹೊಲಿಗೆ ಕೆಲಸಕ್ಕೆ ಬಂದ್ಬಿಡು."

"ಇವತ್ತೊಂದು ದಿನ ಬಿಡಕ್ಕಾ," ಎಂದು ಬೇಡಿಕೊಂಡೆ.

ಅವಳು ಹೋದ ಮೇಲೆ, ಕಿಟಕಿಯಲ್ಲಿ ಬಿಸಿಲಿದ್ದರೂ ಕೋಣೆ ತಣ್ಣಗಾಯಿತು. ಕುಂಚ ಎತ್ತಿಕೊಂಡರೆ ಅದರ ಹಿಡಿ ಬೆಚ್ಚಗಿತ್ತು, ಯಾರೋ ಈಗಷ್ಟೇ ಕೆಳಗಿಟ್ಟ ಹಾಗೆ. ಚಿತ್ರದ ತಪ್ಪು ಕನ್ನಡಿಯಲ್ಲಿ ಬೇಗ ಕಾಣುತ್ತದೆಂದು ಅಪ್ಪ ನನ್ನ ಬೆನ್ನ ಹಿಂದಿನ ಗೋಡೆಗೆ ಕನ್ನಡಿ ತೂಗುಹಾಕಿದ್ದರು. ಅಭ್ಯಾಸಬಲದಿಂದ ಅತ್ತ ತಿರುಗಿದೆ. ಕನ್ನಡಿಯೊಳಗಿನ ಕ್ಯಾನ್ವಾಸಿನ ಮೇಲೆ ಗುರುತಿಲ್ಲದ ಹೆಂಗಸಿನ ಮುಖವಿತ್ತು, ಬಣ್ಣ ಇನ್ನೂ ಹಸಿ. ಹಿಂತಿರುಗಿ ನೋಡಿದರೆ ನನ್ನ ಕ್ಯಾನ್ವಾಸು ಖಾಲಿ.

ಎದ್ದು ಓಡಬೇಕಿತ್ತು. ಆದರೆ ನಾಳೆಯ ಹೊಲಿಗೆ ಕೆಲಸ ನೆನೆದು ಕುಂಚ ಅದ್ದಿದೆ. ಕನ್ನಡಿ ನೋಡಿ ನೋಡಿ ಆ ಮುಖವನ್ನು ಹಾಗೆಯೇ ಬರೆದೆ.

ಸಂಜೆ ಬಂದ ಅಕ್ಕ ಚಿತ್ರ ನೋಡಿ, "ಅಯ್ಯೋ, ಉಸಿರಾಡ್ತಿದೆಯಲ್ಲೇ!" ಎಂದು ನನ್ನನ್ನು ತಬ್ಬಿಕೊಂಡಳು. ಹೊಲಿಗೆಯ ಮಾತು ಮತ್ತೆ ಎತ್ತಲಿಲ್ಲ.

ಆಮೇಲೆ ನನ್ನ ಕೈ ನಿಂತೇ ಇಲ್ಲ. ಆದರೆ ನಾನು ಬರೆದ ಯಾವ ಚಿತ್ರವೂ ಆ ಕನ್ನಡಿಯಲ್ಲಿ ಕಾಣುವುದಿಲ್ಲ. ಅಲ್ಲಿರುವುದು ಬರೀ ಕ್ಯಾನ್ವಾಸಿನ ಬಿಳಿ ಬಟ್ಟೆ. ಯಾರಾದರೂ ನೋಡಲು ಬಂದರೆ ನಾನು ಕನ್ನಡಿಗೆ ಅಡ್ಡವಾಗಿ ನಿಲ್ಲುತ್ತೇನೆ.