ಇಪ್ಪತ್ತೆರಡು ಮಾಡೆಲ್, ಒಂದೇ ದನಿ

"ಬರ್ರಿ, ಯಾವ ಮಾಡೆಲ್ ತೋರಿಸ್ಲಿ?"

ತಲೆ ಎತ್ತದೆಯೇ ಕೇಳಿದ ಬೀರಲಿಂಗ. ತೊಡೆಯ ಮೇಲಿದ್ದ ಬೇಸ್ ಗಿಟಾರಿಗೆ ತಂತಿ ಬಿಗಿಯುತ್ತಿದ್ದ.

"ನಮ್ಮಪ್ಪನ ಮಾಡೆಲ್ ತೋರಿಸು."

ಬೆರಳು ಅಲ್ಲೇ ನಿಂತಿತು. ಆ ದನಿ! ನಾಲ್ಕು ವರ್ಷದಿಂದ ಕೇಳದ ದನಿ...

ಮೆಲ್ಲಗೆ ತಲೆ ಎತ್ತಿದ. ಅಂಗಡಿಯ ಬಾಗಿಲಲ್ಲಿ ಸುಜಾತಾ ನಿಂತಿದ್ದಳು. ಸೂಪರ್ ಮಾರ್ಕೆಟ್‌ನ ಪೇಟೆಬೀದಿಯ ಆಟೋಗಳ ಗದ್ದಲವೆಲ್ಲ ಅವಳ ಬೆನ್ನ ಹಿಂದೆ. ಹಣೆಯ ತುಂಬ ಬೆವರು, ಕಣ್ಣ ತುಂಬ ಸಿಟ್ಟು.

"ಸುಜಾತಾ... ನೀನು..."

"ಹೆಸರು ಹಿಡಿದು ಕರೀಬ್ಯಾಡ. ನಾ ಗಿರಾಕಿ. ಎಷ್ಟು ಮಾಡೆಲ್ ಅವ, ಅಷ್ಟೇ ಹೇಳು."

"ಇಪ್ಪತ್ತೆರಡು."

"ಇಪ್ಪತ್ತೆರಡು!" ಸುಜಾತಾ ನಕ್ಕಳು. ಆ ನಗು ಕೇಳಿದರೆ ಯಾರಿಗೂ ಖುಷಿಯಾಗುವಂತಿರಲಿಲ್ಲ.

ಗೋಡೆಯ ತುಂಬ ಬೇಸ್‌ಗಳು ತೂಗುತ್ತಿದ್ದವು. ಕೆಂಪು, ನೀಲಿ, ಕಪ್ಪು, ಅರಿಶಿಣ ಬಣ್ಣ. ಒಂದೊಂದರ ಕೆಳಗೆ ಒಂದೊಂದು ಹೆಸರು. ಅವಳು ಬೆರಳಿಟ್ಟು ಜೋರಾಗಿ ಓದತೊಡಗಿದಳು.

"ಭೀಮಾ. ಭೀಮಾ ಪ್ಲಸ್. ಭೀಮಾ ಡಿಲಕ್ಸ್. ಬಹಮನಿ. ಬಹಮನಿ ಸ್ಲಿಮ್. ಕಾಗಿಣಾ... ಅಯ್ಯ ಶಿವನೇ! ಇದು ಬೇಸ್ ಅಂಗಡೀನೋ, ಸೀರಿ ಅಂಗಡೀನೋ?"

ಮೂಲೆಯ ಸ್ಟೂಲಿನ ಮೇಲೆ ಆಳಂದದ ಗಿರಾಕಿಯೊಬ್ಬ ಬೆಳಗಿನಿಂದ ಕೂತಿದ್ದ. ಭಜನಾ ಮಂಡಳಿಗೆ ಒಂದು ಬೇಸ್ ಬೇಕಿತ್ತು ಅವನಿಗೆ.

"ಅಕ್ಕಾ, ನಾನೂ ಅದನ್ನೇ ಕೇಳ್ಲಾಕತ್ತೀನಿ. ಪ್ಲಸ್ ತಗೊಂಡ್ರ ಚಂದೋ, ಡಿಲಕ್ಸ್ ತಗೊಂಡ್ರ ಚಂದೋ, ಒಂದೂ ತಿಳೀವಲ್ದು. ಮಂಡಳಿಯವರ್ನ ಕೇಳಿ ಬರ್ತೀನಿ ತಗೀರಿ," ಎಂದು ಎದ್ದು ಹೋಗಿಯೇಬಿಟ್ಟ.

"ನೋಡಿದೇನು? ಗಿರಾಕಿ ತಲಿ ಕೆಡಿಸಿ ಕಳಸ್ತಿ ನೀನು."

ಸುಜಾತಾ 'ಭೀಮಾ'ವನ್ನು ಗೋಡೆಯಿಂದ ಇಳಿಸಿದಳು. ಸ್ಪೀಕರಿಗೆ ವೈರು ಸಿಕ್ಕಿಸಿ ದಪ್ಪ ತಂತಿ ಮೀಟಿದಳು.

ಅಪ್ಪನ ಬೇಸ್... ಇದು ಅಪ್ಪನದೇ ದನಿ!

'ಬಹಮನಿ' ಇಳಿಸಿ ಮೀಟಿದಳು. ಅದೇ ದನಿ. 'ಕಾಗಿಣಾ'? ಅದೂ ಅದೇ!

"ಕಳ್ಳ," ಎಂದಳು. "ಬಣ್ಣ ಬಳದಿ, ಹೆಸರು ಇಟ್ಟಿ. ಒಳಗ ಎಲ್ಲಾ ನಮ್ಮಪ್ಪಂದೇ! ಬರೋ ಐತವಾರ ಮುಂಜಾನಿ ನಿನ್ನ ಅಂಗಡಿ ಮುಂದ ಪರದಾ ಕಟ್ತೀನಿ. ಪರದಾ ಹಿಂದ ಕುಂತು ನಾ ಬಾರಿಸ್ತೀನಿ. ಯಾವ ಮಾಡೆಲ್ ಅಂತ ನೀ ಕಿವೀಲೆ ಕೇಳಿ ಹೇಳ್ಬೇಕು. ಹೇಳಿದಿ ಅಂದ್ರ ನಾ ನಿನ್ನ ತಂಟೀಗಿ ಬರಂಗಿಲ್ಲ. ಹೇಳ್ಲಿಲ್ಲಂದ್ರ ಮಂದಿ ಮುಂದ ಒಪ್ಕೊಂಡು ಈ ಬೋರ್ಡ್ ಇಳಿಸ್ಬೇಕು. ಅಂಗಡಿ ಬಂದ್!"

ಅವನು ಅವಳನ್ನೇ ನೋಡಿದ. ಕಣ್ಣಲ್ಲಿ ಸಿಟ್ಟಿಲ್ಲ, ಹೆದರಿಕೆಯಿಲ್ಲ.

"ಆತು," ಎಂದ.

ಅಷ್ಟೇ! ಜಗಳಕ್ಕೆಂದೇ ಬಂದವಳಿಗೆ ಆ ಒಂದು 'ಆತು' ಕೇಳಿ ಇನ್ನಷ್ಟು ಉರಿಯಿತು.

ಯಾಕಿಷ್ಟು ಸಿಟ್ಟು ಅಂತೀರಾ? ಕೇಳಿ. ಕೇಳಿದ ಮೇಲೆ ನಿಮಗೂ ಬಂದೀತು.

ಸುಜಾತಾಳ ಅಪ್ಪ ದತ್ತಪ್ಪ ಕಮಲಾಪುರದಲ್ಲಿ ಬಡಿಗ. ಹೆದ್ದಾರಿಯ ಪಕ್ಕ ಒಂದು ತಗಡಿನ ಶೆಡ್ಡು. ಬಾಬಾಸಾಹೇಬರ ಜಯಂತಿಯಲ್ಲಿ ಹಾಡುವ ಮೇಳದವರ ಮುರಿದ ಗಿಟಾರ್ ಜೋಡಿಸುತ್ತ ಜೋಡಿಸುತ್ತ ತಾನೇ ಬೇಸ್ ಮಾಡುವುದನ್ನು ಕಲಿತ. ಮಾಡಿದ್ದು ಒಂದೇ ಮಾಡೆಲ್. ಅದಕ್ಕೆ ಹೆಸರೂ ಇಲ್ಲ, ಬಣ್ಣವೂ ಇಲ್ಲ. 'ದತ್ತಪ್ಪನ ಬೇಸ್' ಅಂದರೆ ಬೀದರ್‌ವರೆಗೂ ಗೊತ್ತಿತ್ತು.

ಕೆಲಸ ಕಲಿಯಲು ಬಂದವನು ಬೀರಲಿಂಗ. ಹೊಸ ಬೇಸ್ ತಯಾರಾದರೆ ಮೊದಲು ಬಾರಿಸುವವಳು ಸುಜಾತಾ. ಅವಳು ಬಾರಿಸುವಾಗ ಅವನು ಪಾಲಿಶ್ ಕಾಗದ ಕೈಯಲ್ಲೇ ಹಿಡಿದು ಕಲ್ಲಾಗಿಬಿಡುತ್ತಿದ್ದ. ಕೆಂಪು ಬಾಳೆಹಣ್ಣು ತಂದರೆ ದೊಡ್ಡದನ್ನು ಅವಳ ಕಡೆ ಸರಿಸಿ ತಾನು ಸಣ್ಣದು ತಿನ್ನುತ್ತಿದ್ದ. ಪ್ರೀತಿಯ ಮಾತು ಇಬ್ಬರೂ ಆಡಲಿಲ್ಲ. ಆಡಬೇಕೆಂದು ಸುಜಾತಾಗೆ ಅನ್ನಿಸಿಯೂ ಇರಲಿಲ್ಲ. ಎಲ್ಲಿಗೆ ಹೋಗುತ್ತಾನೆ ಇವನು?

ಒಂದು ದಿನ ಬೆಳಿಗ್ಗೆ ಹೋಗಿಯೇಬಿಟ್ಟ! ಹೇಳಲಿಲ್ಲ, ಕೇಳಲಿಲ್ಲ. ಫೋನ್ ಬಂದ್. ಗೋಡೆಯ ಮೊಳೆಗೆ ತೂಗುತ್ತಿದ್ದ ಫರ್ಮಾ ಕೂಡ ಮಾಯ. ಅಪ್ಪ ಮೊದಲ ಬೇಸ್‌ಗಾಗಿ ಕೊರೆದಿದ್ದ ಮರದ ಅಚ್ಚು ಅದು. ಅದನ್ನು ಇಟ್ಟು ಗೆರೆ ಎಳೆಯದೆ ಶೆಡ್ಡಿನಲ್ಲಿ ಒಂದು ಬೇಸೂ ಹುಟ್ಟುತ್ತಿರಲಿಲ್ಲ.

ಆಮೇಲೆ ಸುದ್ದಿ ಬಂತು. ಬೀರಲಿಂಗ ಕುಸನೂರಿನಲ್ಲಿ ಸ್ವಂತ ಕೆಲಸ ಶುರು ಮಾಡಿದ್ದಾನಂತೆ, ಸೂಪರ್ ಮಾರ್ಕೆಟ್‌ನಲ್ಲಿ ಅಂಗಡಿ ಹಾಕಿದ್ದಾನಂತೆ! ಮೇಳದವರೆಲ್ಲ ಅತ್ತ ತಿರುಗಿದರು. ಆ ವರ್ಷವೇ ಅಪ್ಪನಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಯಿತು. ಶೆಡ್ಡಿಗೆ ಬೀಗ.

ಸುದ್ದಿ ಕೇಳಿ ಬೀರಲಿಂಗ ಓಡಿ ಬಂದಿದ್ದ, ನಿಜ. ಸುಜಾತಾ ಅವನ ಚಪ್ಪಲಿ ಎತ್ತಿ ರಸ್ತೆಗೆ ಎಸೆದಿದ್ದಳು.

"ಕಳ್ಳರಿಗಿ ಈ ಮನ್ಯಾಗ ಜಾಗ ಇಲ್ಲ!"

ಅವನು ಏನೋ ಹೇಳಲು ಬಾಯಿ ತೆರೆದ... ಒಳಗೆ ಮಂಚದ ಮೇಲೆ ಮಲಗಿದ್ದ ದತ್ತಪ್ಪನ ಕಡೆ ನೋಡಿದ... ಬಾಯಿ ಮುಚ್ಚಿಕೊಂಡು ಹೋದ. 'ತಪ್ಪು ಮಾಡ್ಯಾನ, ಅದಕ್ಕೇ ಬಾಯಿಲ್ಲ' ಎಂದುಕೊಂಡಳು ಸುಜಾತಾ. ಅವತ್ತಿನಿಂದ ಅವಳಿಗೆ ಒಂದೇ ಆಸೆ. ಅವನ ಬೋರ್ಡು ಕೆಳಗಿಳಿಯುವುದನ್ನು ಕಣ್ಣಾರೆ ನೋಡಬೇಕು!

ಅಂಗಡಿಯಿಂದ ಬಂದು ಮನೆಯಲ್ಲಿ ಪಂಥದ ವಿಷಯ ಹೇಳಿದಾಗ ಅವ್ವ ಸಾಬಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು.

"ಸಾಕು ಬಿಡವ್ವ. ಅವನ ಅಂಗಡಿ ಮುಚ್ಚಿಸಿದ್ರ ನಿಮ್ಮಪ್ಪನ ಕೈ ಬರ್ತದೇನು?"

"ಕೈ ಬರಂಗಿಲ್ಲ. ನನಗ ಸಮಾಧಾನ ಬರ್ತದ."

ದತ್ತಪ್ಪ ಎಡಗೈಯಿಂದ ಉಣ್ಣುತ್ತಿದ್ದ. ತುತ್ತು ಬಾಯಿಗೆ ಹೋಗಲಿಲ್ಲ.

"ನಾನೂ ಬರ್ತೀನಿ," ಎಂದ.

"ಬರ್ಲೇಬೇಕಪ್ಪ. ನೀ ನೋಡ್ಲಿ ಅಂತನೇ ಮಾಡ್ಲಾಕತ್ತೀನಿ!"

ಅಪ್ಪ ಅವಳ ಮುಖ ನೋಡಲಿಲ್ಲ. ಸಿಟ್ಟಿನ ಭರದಲ್ಲಿ ಅವಳಿಗೆ ಅದು ಗೊತ್ತಾಗಲೇ ಇಲ್ಲ.

ಐತವಾರ ಅಂಗಡಿಯ ಮುಂದೆ ಜನವೋ ಜನ! ಎರಡು ಕಂಬದ ನಡುವೆ ಹಾಸಿಗೆಯ ಚಾದರ ಕಟ್ಟಲಾಗಿತ್ತು. ಮದುವೆ ಆರ್ಕೆಸ್ಟ್ರಾದಲ್ಲಿ ಬೇಸ್ ಬಾರಿಸುವ ಗುಫ್ರಾನ್ ಪಂಚ. ಯಾರ ಪಕ್ಷವನ್ನೂ ವಹಿಸದ ಮನುಷ್ಯ ಎಂದು ಹೆಸರು ಅವನಿಗೆ. ದತ್ತಪ್ಪ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದ. ಆಳಂದದ ಗಿರಾಕಿಯೂ ಮುಂದೆಯೇ ಇದ್ದ.

ಗುಫ್ರಾನ್ ಒಂದು ಬೇಸ್ ಆರಿಸಿ ಚಾದರದ ಹಿಂದೆ ಕೊಟ್ಟ. ಸುಜಾತಾ ಬಾರಿಸಿದಳು.

"ಹೇಳಪ್ಪ ಬೀರಲಿಂಗ, ಯಾವುದು?"

"ಗೊತ್ತಾಗ್ಲಿಲ್ಲ."

ಜನ ನಕ್ಕರು. ಎರಡನೆಯದು.

"ಗೊತ್ತಾಗ್ಲಿಲ್ಲ."

"ಅರೆ ಭಾಯಿ, ಮಾಡ್ದವ ನೀನೇ ಹೌದಿಲ್ಲೋ!" ಯಾರೋ ಕೂಗಿದರು. ಸಿಳ್ಳೆ ಬಿತ್ತು.

ಚಾದರದ ಹಿಂದೆ ಸುಜಾತಾಳ ಎದೆ ಹೊಡೆದುಕೊಳ್ಳುತ್ತಿತ್ತು. ಇದೇ ಅಲ್ಲವೇ ಬೇಕಾಗಿದ್ದು? ಬೀಳಲಿ ಮಾನ... ಬೀಳಲಿ! ಆದರೆ ಬಾಯಿಗೆ ಬಂದ ಒಂದು ಹೆಸರನ್ನಾದರೂ ಹೇಳಬಾರದೇ ಇವನು? ಹೇಳಿದರೆ ಒಂದೆರಡಾದರೂ ಸರಿ ಬೀಳುತ್ತಿದ್ದವು. ಯಾಕೆ ಹೀಗೆ ಕತ್ತು ಕೊಟ್ಟು ನಿಂತಿದ್ದಾನೆ?

ಬೇಸ್ ಮೇಲೆ ಬೇಸ್ ಬಂತು. ಉತ್ತರ ಮಾತ್ರ ಒಂದೇ.

ತಡೆಯಲಾಗದೆ ಅವಳು ಚಾದರ ಸರಿಸಿ ಹೊರಗೆ ಬಂದಳು.

"ಯಾಕ ಗೊತ್ತಾಗಂಗಿಲ್ಲ? ಮಂದಿಗಿ ಹೇಳು!"

ಬೀರಲಿಂಗ ಜನರ ಕಡೆ ತಿರುಗಿದ.

"ಯಾಕಂದ್ರ ಎಲ್ಲಾ ಒಂದೇ ಅವರೀ. ಬಣ್ಣ ಬ್ಯಾರೆ ಹಚ್ಚೀನಿ, ಕಟಿಗಿ ಬ್ಯಾರೆ ಹಾಕೀನಿ, ತಲಿ ಬ್ಯಾರೆ ಕೊರದೀನಿ. ದನಿ ಮಾತ್ರ ನಮ್ಮ ಉಸ್ತಾದ್ ದತ್ತಪ್ಪಂದೇ ಬರ್ತದ. ಸುಜಾತಾ ಹೇಳಿದ್ದು ಖರೆ ಅದ. ನಾ ಸೋತೀನಿ."

ಇಷ್ಟು ಹೇಳಿ ಏಣಿ ತಂದ. ಬೋರ್ಡಿಗೆ ಏಣಿ ಆನಿಸಿ ಹತ್ತತೊಡಗಿದ.

ಗೆದ್ದಿದ್ದಳು ಸುಜಾತಾ! ನಾಲ್ಕು ವರ್ಷ ಕಾದ ಗಳಿಗೆ ಕಣ್ಣ ಮುಂದಿತ್ತು. ಖುಷಿ ಎಲ್ಲಿ? ಹುಡುಕಿದರೂ ಇರಲಿಲ್ಲ.

"ಬೀರ್ಯಾ... ಇಳಿ ಕೆಳಗ."

ದತ್ತಪ್ಪನ ದನಿ. ಕುರ್ಚಿಯ ಕೈ ಹಿಡಿದು ಎದ್ದು ನಿಂತಿದ್ದ.

"ಫರ್ಮಾ ಅವ ಕದ್ದಿಲ್ಲ. ನಾನೇ ಕೊಟ್ಟೀನಿ."

"ಅಪ್ಪಾ! ಏನ್ ಮಾತಾಡ್ಲಾಕತ್ತಿ ನೀನು?"

"ಲಗ್ನ ಮಾಡಿಕೊಡ್ರಿ ಉಸ್ತಾದ್ ಅಂತ ನಿನ್ನ ಕೇಳ್ಲಾಕ ನನ್ನ ಹತ್ರ ಬಂದಿದ್ದವ್ವ ಇವ. ಅವರ ಜಾತಿ ಬ್ಯಾರೆ, ನಮ್ದು ಬ್ಯಾರೆ. ಶೆಡ್ಡಿನಾಗ ಬಾಬಾಸಾಹೇಬರ ಫೋಟೋ ಕೆಳಗ ಕುಂತು ಜಾತಿ ಸಲುವಾಗಿ ಬ್ಯಾಡ ಅಂತ ಹ್ಯಾಂಗ ಅನ್ನಲಿ? ಅದಕ್ಕ ಕೆಲಸದ ಮ್ಯಾಲ ಶರತ್ತು ಹಾಕ್ದೆ. ಫರ್ಮಾ ತಗೊಂಡು ಹೋಗು, ಹೊಟ್ಟಿ ತುಂಬ್ಸಿಕೋ. ಆದ್ರ ನನ್ನ ದನಿ ಇಲ್ದ, ನಿನ್ನ ಸ್ವಂತ ದನಿ ಇರೋ ಒಂದ್ ಬೇಸ್ ಮಾಡ್ಕೊಂಡು ಬಾ. ಅಲ್ಲೀತನಕ ನನ್ನ ಮಗಳ ಜೋಡಿ ಮಾತಾಡಬ್ಯಾಡ, ಶರತ್ತಿನ ಸುದ್ದಿನೂ ಹೇಳಬ್ಯಾಡ ಅಂದೆ."

ಸುಜಾತಾಳ ಕೈಯಲ್ಲಿದ್ದ ಬೇಸ್ ಭಾರವಾಯಿತು. ಗೋಡೆಯ ತುಂಬ ತೂಗುತ್ತಿದ್ದ ಬೇಸ್‌ಗಳನ್ನು ನೋಡಿದಳು. ಇಪ್ಪತ್ತೆರಡು... ಇಪ್ಪತ್ತೆರಡು ಸಲ ಪ್ರಯತ್ನಪಟ್ಟಿದ್ದಾನೆಯೇ ಇವನು? ತನಗಾಗಿ?

ಬೀರಲಿಂಗ ಏಣಿಯಿಂದ ಇಳಿದಿದ್ದ.

"ಪ್ರತಿ ಸಲ, ಈ ಸಲ ಆತು ಅನಸ್ತಿತ್ತು ಸುಜಾತಾ. ತಂತಿ ಕಟ್ಟಿ ಮೀಟಿದ್ರ ಮತ್ತ ಅದೇ ದನಿ. ಒಗೀಲಾಕ ಮನಸ್ಸಾಗ್ಲಿಲ್ಲ. ಬಾಡಗೀನೂ ಕಟ್ಟಬೇಕಿತ್ತು. ಒಂದ್ ಹೆಸರಿಟ್ಟು ಮಾರ್ಲಾಕ ಇಟ್ಟೆ. ಮತ್ತೊಂದು ಶುರು ಮಾಡ್ದೆ."

"ಆಗಂಗಿಲ್ಲಂತ ನನಗ ಗೊತ್ತಿತ್ತವ್ವ," ದತ್ತಪ್ಪನ ಕಣ್ಣಿಂದ ನೀರು ಇಳಿಯುತ್ತಿತ್ತು. "ಅವನ ಕೈ ಹಿಡಿದು ಕಲಿಸಿದವ ನಾನು. ನನ್ನ ದನಿ ಅವನ ಕೈ ಬಿಟ್ಟು ಹೋಗಂಗಿಲ್ಲ. ಗೊತ್ತಿದ್ದೇ ಶರತ್ತು ಹಾಕ್ದೆ. ಕೈ ಬಿದ್ದಮ್ಯಾಲ, ನೀನೂ ಹೋದ್ರ ನನಗ ಯಾರು ಅಂತ ಬಾಯಿ ಮುಚ್ಕೊಂಡು ಕುಂತೆ."

ಸುಜಾತಾ ಅಳುತ್ತಾಳೆ ಎಂದುಕೊಂಡಿರಾ? ಇಲ್ಲ! ಸಿಡಿದಳು.

"ಮಾತು ತಗೊಂಡವ ನೀನು! ಮಾತು ಕೊಟ್ಟವ ಇವ! ನಾಲ್ಕ್ ವರ್ಷ ಅತ್ತವಳು ನಾನು! ನಡುವ ನನ್ನ ಒಬ್ಬರಾದ್ರೂ ಕೇಳಿದ್ರೇನು? ಫರ್ಮಾ ಇಟ್ಟು ಕೊಯ್ದು ಯಾರಿಗಿ ಕೊಡ್ಬೇಕಂತ ನೀವಿಬ್ಬರೇ ಮಾತಾಡ್ಕೊಳ್ಲಾಕ, ನಾನೇನು ಕಟಿಗಿ ತುಂಡೇನು?"

"ತಪ್ಪಾತವ್ವ..." ಎಂದ ದತ್ತಪ್ಪ.

"ನಿನ್ನ ಜೋಡಿ ಮನೀಗಿ ಹೋಗಿ ಜಗಳಾಡ್ತೀನಪ್ಪ. ಕುಂಡ್ರು ನೀನು, ನಿಂತ್ರ ಬೀಳ್ತಿ."

ಗುಫ್ರಾನ್ ಚಾದರ ಬಿಚ್ಚತೊಡಗಿದ. "ಚಲೋ ಭಾಯಿ ಚಲೋ, ಆತು, ಮನೀಗಿ ನಡೀರಿ."

"ಆಗಿಲ್ಲ ಗುಫ್ರಾನಣ್ಣ! ನಿಲ್ರಿ ಎಲ್ಲಾರೂ. ನನ್ನ ಸೇಡು ಇನ್ನಾ ಬಾಕಿ ಅದ."

ಸುಜಾತಾ ಬೀರಲಿಂಗನ ಎದುರು ಬಂದು ನಿಂತಳು.

"ಪಂಥದಾಗ ಸೋತಿ. ಬೋರ್ಡ್ ಇಳೀಲೇಬೇಕು. ಪ್ಲಸ್ಸು, ಡಿಲಕ್ಸು, ಸ್ಲಿಮ್ಮು, ಆ ಹೆಸರೆಲ್ಲ ತೆಗಿ. ಒಂದೇ ಬೇಸ್ ಇಡು. 'ದತ್ತಪ್ಪನ ಬೇಸ್' ಅಂತ ಬರೆಸು."

"ಬರೆಸ್ತೀನಿ."

"ಹಂಗಾದ್ರ ನನಗ ಒಂದ್ ಕೊಡ್ರೆಪ್ಪ!" ಆಳಂದದ ಗಿರಾಕಿ ಕೈ ಎತ್ತಿದ. "ಈಗ ತಿಳೀತು ನೋಡ್ರಿ!"

ಜನ ಗೊಳ್ಳೆಂದರು. ಸುಜಾತಾ ಮಾತ್ರ ನಗಲಿಲ್ಲ.

"ಇನ್ನೊಂದು. ನಾಲ್ಕ್ ವರ್ಷದ ಹಿಂದ ನಮ್ಮಪ್ಪನ್ನ ಕೇಳಿದ್ಯಲ್ಲ, ಅದನ್ನ ಈಗ ನನ್ನ ಕೇಳು. ಇಲ್ಲೇ. ಎಲ್ಲಾರ ಮುಂದ."

ಬೀರಲಿಂಗನ ಮುಖ ಕೆಂಪಾಯಿತು. ಅಂಗಿಗೆ ಕೈ ಒರೆಸಿಕೊಂಡ. ಗಂಟಲು ಸರಿಮಾಡಿಕೊಂಡ.

"ಸುಜಾತಾ... ನನ್ನ ಲಗ್ನ ಆಗ್ತಿ?"

"ಚಂದ ಇಲ್ಲ. ಬ್ಯಾರೆದು ತೋರಿಸು."

"ಅಂದ್ರ... ನೀ ಇಲ್ದ ನನಗ... ಕೆಲಸ ಮಾಡ್ಬೇಕಂದ್ರ ಕೈನೇ..."

"ಅದೂ ಬ್ಯಾಡ. ಇಪ್ಪತ್ತೆರಡು ಮಾಡಿದವ ಅಲ್ಲೇನು ನೀನು? ಇನ್ನೊಂದು ತಗಿ!"

ಅವನ ಕಣ್ಣು ತುಂಬಿ ಬಂದಿತ್ತು. ಒರೆಸಿಕೊಳ್ಳಲಿಲ್ಲ.

"ಇದರಾಗ ನನ್ನ ಹತ್ರ ಬ್ಯಾರೆ ಮಾಡೆಲ್ ಇಲ್ಲ ಸುಜಾತಾ," ಎಂದ. "ಇದೊಂದೇ ಅದ."

ಬಿಗಿಹಿಡಿದಿದ್ದ ಸುಜಾತಾಳ ತುಟಿ ಅದುರಿತು. ಇಷ್ಟು ವರ್ಷ ತಡೆದಿದ್ದ ಅಳು ಎಲ್ಲರೆದುರೇ ಬಂದುಬಿಟ್ಟಿತು. ಬಂದರೆ ಬರಲಿ! ಅವನ ಅಂಗಿಯ ತೋಳು ಹಿಡಿದು ಹತ್ತಿರಕ್ಕೆ ಎಳೆದಳು.

"ಹಂಗಾದ್ರ ಅದನ್ನೇ ಕೊಡು."