ಚಮಚದಷ್ಟು ಹಾಲು

"ರಕ್ತದಲ್ಲಿ ಹಾಲಿನ ಅಲರ್ಜಿ ಏನೂ ಇಲ್ಲ ಅಂತ ನಾನೇ ಬರೆದು ಕೊಟ್ಟಿದ್ದೀನಿ. ಮತ್ಯಾಕೆ ಹಾಲು ನಿಲ್ಲಿಸಿದ್ರಿ?"

ನಮ್ಮ ಆಸ್ಪತ್ರೆಯ ಲ್ಯಾಬ್ ನೋಡಿಕೊಳ್ಳುವವನು ಬಾಗಿಲು ತಟ್ಟದೆ ಒಳಗೆ ಬಂದಿದ್ದ. ಮೂಗಿನ ತುದಿಯಲ್ಲೇ ಕೋಪ. ನಾನು ಮಕ್ಕಳ ಡಾಕ್ಟರು. ಭೇದಿ ನಿಲ್ಲದೆ ಸೊರಗುತ್ತಿದ್ದ ಆ ಏಳು ತಿಂಗಳ ಕೂಸು ಅವನ ಅಕ್ಕನ ಮಗಳು.

"ಕೆಲವು ಮಕ್ಕಳ ಕರುಳು ಹಾಲಿನ ಪ್ರೋಟೀನನ್ನ ಶತ್ರು ಅಂದ್ಕೊಳ್ಳುತ್ತೆ. ಜಗಳ ಕರುಳಲ್ಲೇ ನಡೆಯುತ್ತೆ, ರಕ್ತದವರೆಗೆ ಸುದ್ದಿ ಬರಲ್ಲ," ಎಂದೆ. "ನಿಮ್ಮ ರಿಪೋರ್ಟೂ ಸರಿ, ನಾನೂ ಸರಿ."

"ಇಬ್ಬರೂ ಸರಿ ಆಗೋದು ಹೇಗೆ?"

"ಅಭ್ಯಾಸ ಮಾಡ್ಕೊಳ್ಳಿ."

ಅವನಿಗೆ ನಗು ಬಂತು. ಅದನ್ನು ಮೀಸೆಯಲ್ಲೇ ಅಡಗಿಸಿಕೊಂಡ. ಆಗಲೇ ನನಗೆ ಅವನು ಇಷ್ಟವಾಗಿಬಿಟ್ಟ.

ಹಸುವಿನ ಹಾಲಿನ ಬದಲು ಆ ಪ್ರೋಟೀನಿಲ್ಲದ ಪುಡಿ ಆಹಾರ ಕೊಟ್ಟೆ. ಭೇದಿ ನಿಂತಿತು, ಕೂಸಿನ ಕೆನ್ನೆ ತುಂಬಿತು. ಅವನು ಮಾತ್ರ ಪಟ್ಟು ಬಿಡಲಿಲ್ಲ. "ತಾನಾಗೇ ವಾಸಿಯಾಗಿರಬಹುದಲ್ಲ?" ಕೇಳಿದ್ದು ನ್ಯಾಯವೇ. ತಿಳಿಯಲು ಇದ್ದದ್ದು ಒಂದೇ ದಾರಿ. ವಾರ್ಡಿನಲ್ಲಿ, ನನ್ನ ಕಣ್ಣೆದುರೇ, ಮತ್ತೆ ಚೂರು ಹಾಲು ಕುಡಿಸಿ ಕಾಯಬೇಕು.

"ಮತ್ತೆ ಅದೇ ವಿಷ ಕುಡಿಸ್ತೀರಾ, ಡಾಕ್ಟ್ರೇ?" ಅವನ ಅಕ್ಕ ಹೆದರಿದ್ದಳು.

"ನಾನು ಇಲ್ಲೇ ಇರ್ತೀನಮ್ಮ. ಕೂಸಿಗೆ ಏನೂ ಆಗೋಕೆ ಬಿಡಲ್ಲ." ಸಲೈನು, ಔಷಧಿ ಎಲ್ಲ ಪಕ್ಕದಲ್ಲಿಟ್ಟುಕೊಂಡೆ.

ಬೆಳಿಗ್ಗೆ ಚಮಚದಲ್ಲಿ ಹಾಲು ಕುಡಿಸಿದೆ. ಸೋದರಮಾವನ ತೋಳಲ್ಲಿ ಕೂಸು ಕೇಕೆ ಹಾಕುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅವನು ನನ್ನತ್ತ ಹುಬ್ಬು ಕುಣಿಸಿದ. "ಒಪ್ಪಿಕೊಳ್ಳಿ ಡಾಕ್ಟ್ರೇ, ಸೋತ್ರಿ."

ಮಾತು ಮುಗಿಯುವ ಮೊದಲೇ ಕೂಸು ಅವನ ಅಂಗಿಯ ತುಂಬ ವಾಂತಿ ಮಾಡಿತು. ಮತ್ತೊಮ್ಮೆ ಮಾಡಿತು. ಮೈ ಬಿಳಿಚಿಕೊಂಡು ಕುತ್ತಿಗೆ ವಾಲಿತು.

ಅವನು ಕೂಸನ್ನು ನನ್ನ ಕೈಗಿಟ್ಟ. ಸೂಜಿ ಹಾಕಿ ಸಲೈನು ಹರಿಸಿದೆ. ಸಂಜೆಯೊಳಗೆ ಕೂಸಿನ ಮೈಗೆ ಬಣ್ಣ ಮರಳಿತು. ಅಮ್ಮನ ಜಡೆ ಹಿಡಿದು ಎಳೆಯತೊಡಗಿತು.

"ನನ್ನ ಮಾತು ಕೇಳಿ ಅಕ್ಕ ಹಾಲು ಕೊಡ್ತಾನೇ ಇದ್ದಿದ್ರೆ..." ಅವನು ಕೂಸಿನ ಪಾದ ಸವರಿದ.

"ಈಗ ಖಚಿತವಾಯ್ತಲ್ಲ. ಹಾಲು ಬಿಟ್ಟರೆ ಚೆನ್ನಾಗಿರ್ತಾಳೆ. ಬಹುಪಾಲು ಮಕ್ಕಳಿಗೆ ಬೆಳೀತಾ ಬೆಳೀತಾ ಇದು ಹೋಗಿಬಿಡುತ್ತೆ." ಇನ್ನು ತಡೆಯಲಾಗದೆ ಹೇಳಿಯೇಬಿಟ್ಟೆ. "ಇನ್ನೊಂದೂ ಖಚಿತ. ನೀವಂದ್ರೆ ನನಗೆ ತುಂಬಾ ಇಷ್ಟ."

ಅವನು ಕಣ್ಣು ಕಣ್ಣು ಬಿಟ್ಟ. ಕಿವಿಗಳು ಕೆಂಪಾದವು. "ನನಗೂ ನೀವು ಇಷ್ಟ. ಆದ್ರೆ ಜಗಳ ಬಿಡ್ತೀನಿ ಅಂತ ಮಾತು ಕೊಡಲ್ಲ."

"ಕೊಡಬೇಡಿ. ಕೊಟ್ರೆ ನನಗೆ ಬೇಜಾರಾಗುತ್ತೆ."

ಅಕ್ಕ ಕೂಸಿನಿಂದ ಕಣ್ಣು ತೆಗೆಯದೆಯೇ ಹೇಳಿದಳು: "ಡಾಕ್ಟ್ರೇ, ಮೊದಲು ಇವನಿಗೊಂದು ಒಳ್ಳೇ ಅಂಗಿ ಕೊಡ್ಸಿ. ಜಗಳಕ್ಕೆ ಇಡೀ ಜೀವಮಾನ ಇದೆ."